ಪಾತ್ರೆ ವ್ಯಾಪಾರಿಯ ಕೆಂಪು ಗುರುತು

"ಗುರುಗಳೇ, ಒಂದು ಸೈಕಲ್ಲಿಗೆ ಐದೂವರೆ ಲಕ್ಷ ಕೊಡುವುದು ಸರಿಯೇ? ಅದಕ್ಕೆ ಅಷ್ಟು ಬೆಲೆ ಇದೆಯೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಆಗಷ್ಟೇ ಪೂಜೆ ಮುಗಿಸಿ ಮಠದ ಜಗಲಿಗೆ ಬಂದು ಕುಳಿತಿದ್ದರು. ಪ್ರಸಾದದ ಬಾಳೆಹಣ್ಣೊಂದನ್ನು ಅವನಿಗೆ ಕೊಟ್ಟರು. ಅವನು ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಮುಷ್ಟಿ ಕಟ್ಟಿದ ಬಲಗೈ ತೊಡೆಯ ಮೇಲೇ ಇತ್ತು.

"ಎಂಥ ಸೈಕಲ್ಲಪ್ಪ ಅದು?"

"ಬೆಟ್ಟ ಹತ್ತುವುದು. ಮೌಂಟನ್ ಬೈಕ್ ಅನ್ನುತ್ತಾರೆ. ನನ್ನ ಪರಿಚಯದವರೊಬ್ಬರು ಕೊಂಡಿದ್ದಾರೆ. ಮೋಸ ಹೋದೆನೇನೋ ಎಂದು ಅವರಿಗೆ ಅನುಮಾನ." ಹೀಗೆಂದು ಅವನು ಮಠದ ಹೊರಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದ.

"ಪರಿಚಯದವರ ಅನುಮಾನಕ್ಕೆ ನಿನ್ನ ಮುಖ ಯಾಕೆ ಬಾಡಿದೆಯೋ ಕಾಣೆ. ಇರಲಿ, ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದು ಬೆಟ್ಟದ ಬುಡದಲ್ಲಿ ಒಂದು ಪೇಟೆ. ಆ ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ. ಸ್ಟೀಲಿನ ಲೋಟದಿಂದ ಹಿಡಿದು ಮದುವೆ ಮನೆಯ ಹಂಡೆಯವರೆಗೆ ಅವನಲ್ಲಿ ಸಿಗದ ಪಾತ್ರೆ ಇರಲಿಲ್ಲ. ಕೊಂಡ ಪಾತ್ರೆಯ ಮೇಲೆ ಹೆಸರು ಹಾಕಿಸದೆ ನಮ್ಮ ಜನ ಅಂಗಡಿಯ ಮೆಟ್ಟಿಲು ಇಳಿಯುತ್ತಾರೆಯೇ? ಅವನೇ ಯಂತ್ರ ಹಿಡಿದು ಟರ್ರೆಂದು ಕೆತ್ತಿ ಕೊಡುತ್ತಿದ್ದ. ಹೆಸರಿಲ್ಲದ ಪಾತ್ರೆ ಮದುವೆ ಮನೆಗೆ ಹೋದರೆ ವಾಪಸು ಬರುವುದಿಲ್ಲ, ಬಂದರೂ ಅದು ನಿಮ್ಮದಾಗಿರುವುದಿಲ್ಲ ಎಂದು ಗಿರಾಕಿಗಳಿಗೆ ಎಚ್ಚರಿಕೆ ಹೇಳುತ್ತಿದ್ದ. ಮೂವತ್ತು ವರ್ಷ ಇದನ್ನೇ ಹೇಳಿ ಹೇಳಿ, ಅವನ ಕಣ್ಣಿಗೆ ಲೋಕವೇ ಪಾತ್ರೆ ಅದಲುಬದಲಾಗುವ ಮದುವೆ ಮನೆಯಾಗಿಬಿಟ್ಟಿತ್ತು.

ಅವನಿಗೆ ಗೆಳೆಯ ಅಂತ ಇದ್ದವನು ಒಬ್ಬನೇ, ಅದೇ ಬೀದಿಯ ಸೈಕಲ್ ರಿಪೇರಿಯವನು. ಇಬ್ಬರದೂ ಒಂದೇ ಶಾಲೆ, ಒಂದೇ ಬೆಂಚು. ಭಾನುವಾರ ಬೆಳಿಗ್ಗೆ ಇಬ್ಬರೂ ತಮ್ಮ ಹಳೆಯ ಸೈಕಲ್ಲುಗಳಲ್ಲಿ ಬೆಟ್ಟಕ್ಕೆ ಹೋಗುತ್ತಿದ್ದರು. ಅರ್ಧ ದಾರಿ ತುಳಿಯುವುದು, ಅರ್ಧ ದಾರಿ ತಳ್ಳುವುದು. ಬೆಟ್ಟದ ತಲೆಯಲ್ಲಿ, ಬಂಡೆಯ ಹಿಂಬದಿಗೆ, ಒಂದು ದೊಣೆ ಇತ್ತು. ಕಲ್ಲಿನ ಆ ಗುಂಡಿಯಲ್ಲಿ ವರ್ಷವಿಡೀ ತಣ್ಣನೆಯ ನೀರು. ಸೈಕಲ್ಲುಗಳನ್ನು ದಾರಿಯಲ್ಲೇ ಕೆಡವಿ, ದೊಣೆಗೆ ಇಳಿದು ಹೊಟ್ಟೆ ತುಂಬ ನೀರು ಕುಡಿಯುತ್ತಿದ್ದರು. ಹುರಿಗಡಲೆ ಮೆಲ್ಲುತ್ತ ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದರು. ವ್ಯಾಪಾರಿ ಯಾರನ್ನೂ ಅನುಮಾನಿಸದೆ ಕೂರುತ್ತಿದ್ದ ಜಾಗ ಅದೊಂದೇ.

ಒಮ್ಮೆ ವ್ಯಾಪಾರಿ ಸರಕು ತರಲು ದೊಡ್ಡ ಊರಿಗೆ ಹೋದ. ಅಲ್ಲಿ ಗಾಜಿನ ಅಂಗಡಿಯೊಂದರಲ್ಲಿ ಆ ಬೆಟ್ಟದ ಸೈಕಲ್ಲು ಅವನ ಕಣ್ಣಿಗೆ ಬಿತ್ತು. ಅಂಗಡಿಯವನು ಅದನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ. ಇದು ಕಬ್ಬಿಣವಲ್ಲ, ಕಾರ್ಬನ್ ಎಂದ. ಬೆಲೆ ಕೇಳಿ ವ್ಯಾಪಾರಿಯ ಬಾಯಿ ಒಣಗಿತು. ಇವನು ನನ್ನ ಮುಖ ನೋಡಿ ಬೆಲೆ ಕಟ್ಟುತ್ತಿದ್ದಾನೆ ಎಂದುಕೊಂಡ. ಮುಖ ನೋಡಿ ಬೆಲೆ ಕಟ್ಟುವುದು ಹೇಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತಲ್ಲ! ಎರಡು ಸಲ ಅಂಗಡಿಯಿಂದ ಹೊರಗೆ ಬಂದ. ಮೂರನೆಯ ಸಲ ಕೊಂಡೇಬಿಟ್ಟ.

ಸುಳ್ಳು ಹೇಳಬಾರದು, ಸೈಕಲ್ಲು ಚೆನ್ನಾಗಿತ್ತು. ತಳ್ಳಿಕೊಂಡು ಹೋಗುತ್ತಿದ್ದ ಏರನ್ನು ಈಗ ಕೂತೇ ಹತ್ತಿದ. ಇಳಿಯುವಾಗ ಚಕ್ರದಡಿ ಕಲ್ಲು ಬಂದದ್ದೇ ತಿಳಿಯಲಿಲ್ಲ. ಐವತ್ತು ದಾಟಿದ ಮನುಷ್ಯ ಬೆಟ್ಟದ ತಿರುವಿನಲ್ಲಿ ಬಾಯಿ ತುಂಬ ನಕ್ಕ. ಆ ನಗು ನಿಜವಾದದ್ದು, ಅದನ್ನು ಮರೆಯಬೇಡ.

ಆದರೆ ಊರು ಬೆಲೆ ಕೇಳದೆ ಬಿಡುತ್ತದೆಯೇ? ಹೆಂಡತಿಗೆ ಐವತ್ತು ಸಾವಿರ ಎಂದ. ಪಕ್ಕದ ಅಂಗಡಿಯವನಿಗೆ ಮೂವತ್ತು ಎಂದ. ಗೆಳೆಯನ ಹತ್ತಿರ, ಯಾರೋ ಬಳಸಿದ್ದು, ಅಗ್ಗಕ್ಕೆ ಸಿಕ್ಕಿತು ಎಂದ. ಗೆಳೆಯ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದ. ಕುಕ್ಕರಗಾಲಲ್ಲಿ ಕೂತು ಬ್ರೇಕಿನ ಡಿಸ್ಕು ನೋಡಿದ, ಗೇರು ನೋಡಿದ. ಬೆಲೆಯ ಮಾತನ್ನೇ ಎತ್ತಲಿಲ್ಲ.

"ಒಂದು ರೌಂಡು ಹೋಗಿ ಬರಲೇನೋ?" ಎಂದು ಕೇಳಿದ.

"ಸೀಟು ನನ್ನ ಎತ್ತರಕ್ಕೆ ಕೂರಿಸಿದ್ದಾರೆ ಕಣೋ, ನಿನಗೆ ಸರಿಹೋಗಲ್ಲ" ಎಂದ ವ್ಯಾಪಾರಿ.

ಇಬ್ಬರೂ ಒಂದೇ ಎತ್ತರದವರು.

ಅವತ್ತಿನಿಂದ ವ್ಯಾಪಾರಿಯ ತಲೆಯಲ್ಲಿ ಹುಳ ಹೊಕ್ಕಿತು. ಸೈಕಲ್ಲಿನ ಬೆಲೆ ಗೊತ್ತಿರುವವನು ಈ ಪೇಟೆಯಲ್ಲಿ ಇವನೊಬ್ಬನೇ. ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ? ಬೆಟ್ಟದ ಮೇಲೆ ಸೈಕಲ್ಲನ್ನು ದಾರಿಯಲ್ಲಿ ಕೆಡವಿ ಹೋಗುವ ಕಾಲ ಮುಗಿಯಿತು. "ನೀನು ನೀರು ಕುಡಿದು ಬಾ, ನಾನು ನೋಡಿಕೊಂಡಿರುತ್ತೇನೆ" ಎಂದು ಗೆಳೆಯನೇ ಕಾವಲು ನಿಲ್ಲುತ್ತಿದ್ದ. ವ್ಯಾಪಾರಿ ದೊಣೆಗೆ ಇಳಿದು ಎರಡು ಗುಟುಕು ಕುಡಿದವನೇ ಬಿರಬಿರನೆ ಹತ್ತಿ ಬರುತ್ತಿದ್ದ.

ಮಳೆಗಾಲದ ಕೆಸರಿಗೆ ಗೇರು ಕಟಕಟ ಅನ್ನತೊಡಗಿತು. ಕೊಂಡ ಅಂಗಡಿ ಇನ್ನೂರು ಮೈಲಿ ದೂರ. ಗೆಳೆಯನಿಗೆ ಕೊಡದೆ ದಾರಿಯಿಲ್ಲ. ಹೊಸ ಸೈಕಲ್ಲಿನ ಅಸಲಿ ಸಾಮಾನು ಬಿಚ್ಚಿಕೊಂಡು ಡೂಪ್ಲಿಕೇಟ್ ಕೂರಿಸಿ ಕಳಿಸುವ ರಿಪೇರಿಯವರ ಕತೆ ಯಾರು ಕೇಳಿಲ್ಲ? ವ್ಯಾಪಾರಿಯ ಕೈ ತಾನಾಗಿ ಹೆಸರು ಕೆತ್ತುವ ಯಂತ್ರಕ್ಕೆ ಹೋಯಿತು. ಕಾರ್ಬನ್ನಿಗೆ ಗೀರು ಬಿದ್ದರೆ ಸೀಳೀತು ಎಂಬ ಭಯದಿಂದ ಅದನ್ನು ಕೆಳಗಿಟ್ಟ. ಹೆಂಡತಿಯ ಕೆಂಪು ಉಗುರುಬಣ್ಣ ತಂದ. ಪೆಡಲಿಗೆ ಒಂದು ಗೀಟು, ಹ್ಯಾಂಡಲಿಗೆ ಒಂದು, ಗೇರಿಗೆ ಒಂದು. ಎರಡೂ ಬ್ರೇಕಿನ ಡಿಸ್ಕುಗಳಿಗೆ, ಅವೇ ದುಬಾರಿ ಎಂದು, ಎರಡೂ ಮಗ್ಗುಲಿಗೆ ದಪ್ಪಗೆ ಎಳೆದ. ಬಣ್ಣ ಒಣಗಿದ ಮೇಲೆ ಸೈಕಲ್ಲು ತುಳಿದುಕೊಂಡು ಗೆಳೆಯನ ಅಂಗಡಿಗೆ ಹೋದ. ಗೇರಿಗೆ ಮಾತ್ರ ಕೈ ಹಾಕು, ಬೇರೇನನ್ನೂ ಬಿಚ್ಚಬೇಡ ಎಂದು ಎರಡೆರಡು ಸಲ ಹೇಳಿ ಬಂದ.

ಗೆಳೆಯ ಸೈಕಲ್ಲು ತೊಳೆದು, ಗೇರು ಕೂರಿಸಿ, ಎಣ್ಣೆ ಬಿಟ್ಟು ಕೊಟ್ಟ. ಕೂಲಿ ಅಂತ ಒಂದು ಲೋಟ ಕಾಫಿ ಕುಡಿದ, ಅಷ್ಟೇ.

ಮುಂದಿನ ಭಾನುವಾರ ಬೆಟ್ಟ ಇಳಿಯುವಾಗ ವ್ಯಾಪಾರಿ ಬ್ರೇಕು ಅದುಮಿದ. ಬ್ರೇಕು ಕಿರ್ರೆಂದು ಕಿರುಚಿತು, ಹಿಡಿಯಲಿಲ್ಲ. ಇನ್ನೂ ಬಲವಾಗಿ ಅದುಮಿದ. ಸೈಕಲ್ಲು ಜಾರುತ್ತಲೇ ಹೋಯಿತು. ಮುಂದೆ ತಿರುವು, ಅದರಾಚೆ ಪ್ರಪಾತ. ಎರಡೂ ಕಾಲು ನೆಲಕ್ಕೆ ಊರಿ, ಪೊದೆಗೆ ಬಿದ್ದು, ಅಂಚಿಗೆ ಒಂದು ಮಾರು ಇರುವಾಗ ನಿಂತ. ಬದುಕಿದೆನಲ್ಲ ಎಂದು ದೇವರನ್ನು ನೆನೆಯುವ ಬದಲು ಅವನು ಏನು ಮಾಡಿದ ಗೊತ್ತೇ? ಗುರುತು ಹುಡುಕಿದ. ಪೆಡಲಿನ ಮೇಲೆ ಕೆಂಪು ಇತ್ತು. ಹ್ಯಾಂಡಲಿನ ಮೇಲೂ ಗೇರಿನ ಮೇಲೂ ಇತ್ತು. ಡಿಸ್ಕುಗಳ ಮೇಲೆ ಇರಲಿಲ್ಲ. ಎರಡರಲ್ಲೂ ಇರಲಿಲ್ಲ.

ಹಿಂದೆ ಬರುತ್ತಿದ್ದ ಗೆಳೆಯ ತನ್ನ ಸೈಕಲ್ಲನ್ನು ಎಸೆದು ಓಡಿ ಬಂದ. "ಪೆಟ್ಟಾಯಿತೇನೋ?" ಎಂದು ತೋಳು ಹಿಡಿದ.

ವ್ಯಾಪಾರಿ ತೋಳು ಕೊಡವಿಕೊಂಡ. "ನನ್ನ ಡಿಸ್ಕು ಯಾರಿಗೆ ಮಾರಿದೆ, ಹೇಳು. ನಾನೇ ಕೈಯಾರೆ ಗುರುತು ಹಾಕಿದ್ದೆ. ಎಲ್ಲಾ ಗುರುತೂ ಇವೆ, ಅವೆರಡೇ ಇಲ್ಲ. ಡೂಪ್ಲಿಕೇಟ್ ಹಾಕಿ ನನ್ನನ್ನು ಕೊಲ್ಲುತ್ತಿದ್ದೆಯಲ್ಲೋ" ಎಂದ.

ಗೆಳೆಯ ಜೇಬಿನಿಂದ ಸ್ಪ್ಯಾನರ್ ತೆಗೆದು ಚಕ್ರ ಬಿಚ್ಚಿದ. ಡಿಸ್ಕನ್ನು ಹಿಡಿಯುವ ಬ್ರೇಕ್ ಪ್ಯಾಡುಗಳನ್ನು ಹೊರಗೆಳೆದು ವ್ಯಾಪಾರಿಯ ಅಂಗೈಯಲ್ಲಿಟ್ಟ. ಕಪ್ಪು ಪ್ಯಾಡಿನ ಮೇಲೆ ಕೆಂಪು ಬಣ್ಣ ಅರೆದು ಮೆತ್ತಿಕೊಂಡು ಮಿರಮಿರ ಮಿಂಚುತ್ತಿತ್ತು.

"ಬ್ರೇಕು ಹಿಡಿಯುವ ಜಾಗಕ್ಕೆ ಬಣ್ಣ ಬಳಿದರೆ ನಿಲ್ಲುತ್ತೇನೋ? ಅಂಗಡಿಗೆ ತರುವ ದಾರಿಯಲ್ಲೇ ಉಜ್ಜಿಹೋಗಿ ಇಲ್ಲಿ ಕೂತಿದೆ. ಅದಕ್ಕೇ ಹಿಡಿಯುತ್ತಿಲ್ಲ. ಬಿಚ್ಚಿ ನೋಡೋಣ ಅಂದರೆ ನೀನು ಬೇಡ ಅಂದಿದ್ದೆ" ಎಂದ. ಚಕ್ರವನ್ನು ಮತ್ತೆ ಕೂರಿಸುತ್ತ, "ಪೆಡಲಿನ ಮೇಲಿದ್ದ ಕೆಂಪು ಗೀಟನ್ನು ತೊಳೆಯುವಾಗಲೇ ನೋಡಿದೆ. ಕಂಪನಿಯವರದು ಅಂದುಕೊಂಡೆ" ಎಂದ.

ಇಬ್ಬರೂ ಸೈಕಲ್ಲು ತಳ್ಳಿಕೊಂಡು ಇಳಿದರು. ವ್ಯಾಪಾರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುವಷ್ಟು ನಾಚಿಕೆಯಾಯಿತು.

ದೊಡ್ಡ ಊರಿನಿಂದ ಹೊಸ ಪ್ಯಾಡು ಬಂತು. ಬ್ರೇಕು ಮೊದಲಿನ ಹಾಗೇ ಗಪ್ಪನೆ ಹಿಡಿಯಿತು. ವ್ಯಾಪಾರಿ ಗೆಳೆಯನ ಅಂಗಡಿಗೆ ಹೋಗಿ ಕೈ ಹಿಡಿದು ತಪ್ಪಾಯಿತು ಎಂದ. ಗೆಳೆಯ, "ಬಿಡೋ, ಆಗಿದ್ದು ಆಯಿತು" ಎಂದು ಕಾಫಿ ತರಿಸಿ ಕುಡಿಸಿದ. ಭಾನುವಾರ ಕರೆಯಲು ಹೋದಾಗ, ಇವತ್ತು ಸ್ವಲ್ಪ ಕೆಲಸವಿದೆ ಎಂದ. ಅದರ ಮುಂದಿನ ಭಾನುವಾರವೂ ಕೆಲಸವಿತ್ತು. ಆಮೇಲೆ ವ್ಯಾಪಾರಿ ಕರೆಯಲು ಹೋಗಲಿಲ್ಲ.

ಒಬ್ಬನೇ ಬೆಟ್ಟ ಹತ್ತಿದ. ಐದೂವರೆ ಲಕ್ಷದ ಸೈಕಲ್ಲು, ಎಲ್ಲೂ ತಳ್ಳಲಿಲ್ಲ, ಮೊದಲಿಗಿಂತ ಬೇಗ ಮೇಲೆ ಮುಟ್ಟಿದ. ಬಾಯಾರಿಕೆಯಿಂದ ನಾಲಿಗೆ ಅಂಗುಳಕ್ಕೆ ಅಂಟಿತ್ತು. ದೊಣೆ ಬಂಡೆಯ ಹಿಂದೆ ಇಪ್ಪತ್ತು ಹೆಜ್ಜೆ. ಅಲ್ಲಿಗಿಳಿದರೆ ಸೈಕಲ್ಲು ಕಾಣುವುದಿಲ್ಲ. ನೋಡಿಕೊಂಡಿರು ಎನ್ನಲು ಪಕ್ಕದಲ್ಲಿ ಯಾರೂ ಇಲ್ಲ. ಹ್ಯಾಂಡಲು ಹಿಡಿದುಕೊಂಡು ಅವನು ಬಹಳ ಹೊತ್ತು ನಿಂತ. ಆಮೇಲೆ ನೀರು ಕುಡಿಯದೆ ಬೆಟ್ಟ ಇಳಿದ.

ಗುರುಗಳು ಕತೆ ನಿಲ್ಲಿಸಿದರು. ಕತೆಯುದ್ದಕ್ಕೂ ಶಿಷ್ಯನ ಮುಷ್ಟಿಯೊಳಗೆ ಏನೋ ಕಿಣಿಕಿಣಿ ಅನ್ನುತ್ತಿತ್ತು. ಅವನು ಮತ್ತೊಮ್ಮೆ ಹೊರಬಾಗಿಲ ಕಡೆ ನೋಡಿದ.

"ಹಾಗಾದರೆ ಆ ಸೈಕಲ್ಲಿಗೆ ಅಷ್ಟು ಬೆಲೆ ಇರಲಿಲ್ಲ ಎನ್ನುತ್ತೀರಾ?" ಎಂದು ಕೇಳಿದ.

"ಸೈಕಲ್ಲಿನ ಮಾತು ಬಿಡು ಮಗು, ಹನ್ನೊಂದು ವರ್ಷದಲ್ಲಿ ಇವತ್ತೇ ಮೊದಲ ಸಲ ನೀನು ನನ್ನಿಂದ ಪ್ರಸಾದವನ್ನು ಎಡಗೈಯಲ್ಲಿ ತೆಗೆದುಕೊಂಡೆ, ಆ ಬಲಗೈಯಲ್ಲಿ ಏನಿದೆ?"

ಶಿಷ್ಯ ನಿಧಾನವಾಗಿ ಮುಷ್ಟಿ ಬಿಚ್ಚಿದ. ಸೈಕಲ್ ಬೀಗದ ಎರಡು ಕೀಲಿಗಳ ಹಲ್ಲುಗಳು ಅಂಗೈಯಲ್ಲಿ ಅಚ್ಚೊತ್ತಿದ್ದವು.