ಮ್ಯಾನೇಜರು ಬರೆದುಕೊಟ್ಟ ನೀರು

ಸಕ್ಕರೆ ಕಾರ್ಖಾನೆಯ ಕಬ್ಬಿನ ಎಸ್ಟೇಟಿನಲ್ಲಿ ಗುಮಾಸ್ತನಾಗಿದ್ದಾಗಿನ ನನ್ನ ಹಳೆಯ ದಿನಚರಿಯಲ್ಲಿ 1971ರ ಫೆಬ್ರವರಿ 9ರಂದು ಹೀಗೆ ಬರೆದಿದೆ: ‘ರೈತರ ಪಾಳಿಯ ನೀರನ್ನು ನಮ್ಮ ಎಸ್ಟೇಟಿಗೆ ತಿರುಗಿಸಲು ಮ್ಯಾನೇಜರ ಆಜ್ಞೆ. ಇದು ನ್ಯಾಯವಲ್ಲ.’

ಆಜ್ಞೆ ಕೇಳಿ, ಕಾಲುವೆಯ ನೀರು ಹಂಚುತ್ತಿದ್ದ ನೀರುಗಂಟಿ ಮರಿಕಾಳಯ್ಯನ ಮೈ ಉರಿಯಿತು. ನಮ್ಮ ಕಾರ್ಖಾನೆಗೆ ಕಬ್ಬು ಕೊಡುವ ಮೂವತ್ತು ರೈತರ ಮನೆಯವರ ಕೂಳೆ ಕಬ್ಬು ಕಡಿದ ಬುಡದಿಂದ ಆಗಷ್ಟೇ ಚಿಗುರಿತ್ತು. ಆ ವಾರ ನೀರು ತಪ್ಪಿದರೆ ಅದು ಉಳಿಯುವಂತಿರಲಿಲ್ಲ. ಆದರೂ ತಲೆ ತಗ್ಗಿಸಿಯೇ ಕೇಳಿದ.

“ಎಸ್ಟೇಟಲ್ಲಿ ಯಾವ ತಾಕಿನ ಕಬ್ಬಿಗೆ ಬಿಡ್ಲಿ, ಬುದ್ಧಿ?”

“ಎಲ್ಲಾದಕ್ಕೂ. ಒಂದು ತಾಕು ಒಣಗಿದ್ದು ಕಂಡರೂ ನಿನ್ನ ಚರ್ಮ ಸುಲೀತೀನಿ,” ಎಂದರು ಮ್ಯಾನೇಜರ್ ದ್ವಾರಕನಾಥರು. “ನನಗೇ ಪಾಠ ಹೇಳಬೇಡ.”

“ಹೇಳಲ್ಲ ಬುದ್ಧಿ. ಅದನ್ನೇ ಬರೆದುಕೊಡಿ. ನನಗೆ ಮರೆವು ಜಾಸ್ತಿ.”

ಅವರು ಬರೆದು, ದೊಡ್ಡದಾಗಿ ಸಹಿ ಹಾಕಿದರು.

ಅವನು ಎಲ್ಲ ತಾಕಿಗೂ ನೀರು ಬಿಟ್ಟ. ಕಡಿಯುವ ಮುನ್ನ ಒಣಗಲು ಬಿಟ್ಟಿದ್ದ ಇಪ್ಪತ್ತು ಎಕರೆ ಮಾಗಿದ ಕಬ್ಬಿಗೂ ಬಿಟ್ಟ. ಎರಡು ದಿನ ಕಳೆದು ಕಟಾವಿನ ಆಳುಗಳು ಬಂದರೆ ಅಲ್ಲಿ ಮೊಣಕಾಲುದ್ದ ಕೆಸರು. ದ್ವಾರಕನಾಥರು ಓಡಿ ಬಂದು ಬೂಟುಗಳನ್ನು ಅದರಲ್ಲೇ ಕಳೆದುಕೊಂಡರು.

“ಮಾಗಿದ ಕಬ್ಬಿಗೆ ಯಾರಾದರೂ ನೀರು ಬಿಡ್ತಾರೇನೋ, ಮುಠ್ಠಾಳ?”

“ಯಾರೂ ಬಿಡಲ್ಲ ಬುದ್ಧಿ. ಅದಕ್ಕೇ ಬರೆಸಿಕೊಂಡಿದ್ದು.”

ಆಳುಗಳು ನಕ್ಕರು.

“ತೂಬು ಮುಚ್ಚು ಮೊದಲು.”

“ಮುಚ್ತೀನಿ. ಕಾಲುವೆ ನೀರು ಎಲ್ಲಿಗೆ ಹೋಗ್ಲಿ?”

“ಎಲ್ಲಾದರೂ ಹಾಳಾಗಿ ಹೋಗಲಿ.”

“ಅದನ್ನೂ ಬರೆದುಕೊಡಿ ಬುದ್ಧಿ.”

ಸಂಜೆಗೆ ನೀರು ರೈತರ ಗದ್ದೆ ಮುಟ್ಟಿತು.

ನಮ್ಮ ಕಟಾವು ಹದಿನೆಂಟು ದಿನ ತಡವಾಯಿತು. ಮೂವತ್ತು ಮನೆಯವರ ಕೂಳೆ ಉಳಿಯಿತು. ಮರಿಕಾಳಯ್ಯನ ಹತ್ತೊಂಬತ್ತು ವರ್ಷದ ಕೆಲಸ ಮರುದಿನವೇ ಹೋಯಿತು. ದ್ವಾರಕನಾಥರಿಗೆ ಹೋದದ್ದು ಒಂದು ಜೊತೆ ಬೂಟು.