ಕಂಚಲದೇವಿ ಚಾಪೆಯ ಮೇಲೆ ಕುಳಿತ ಕಥೆ

ದೀಪಕ್ಕೆ ಎಣ್ಣೆ ಎರೆದಾಯಿತು, ಬತ್ತಿ ನೆಟ್ಟಗಾಯಿತು. ಇನ್ನು ಮಕ್ಕಳು ಮರಿಗಳಾದಿಯಾಗಿ ಎಲ್ಲರೂ ಮನಸ್ಸಿಟ್ಟು ಕೇಳಬೇಕು. ಸಮದೀಪ ಗೌರಿಯ ವ್ರತವನ್ನು ಬಿಟ್ಟವಳಿಗೆ ಏನಾಯಿತು, ಮತ್ತೆ ಹಿಡಿದ ಮೇಲೆ ಏನಾಯಿತು ಎಂಬುದೇ ಈ ಕಥೆ.

ಪೂರ್ವದಲ್ಲಿ ಸುವೇಲಪುರವೆಂಬ ಪಟ್ಟಣವಿತ್ತು. ಆ ಸೀಮೆಯಲ್ಲಿ ಕೆಲವರು ಸಿದ್ಧಿಯನ್ನು ಹೊತ್ತೇ ಹುಟ್ಟುತ್ತಿದ್ದರು. ಒಬ್ಬನು ಕರೆದರೆ ಗಾಳಿ ಬರುತ್ತಿತ್ತು, ಒಬ್ಬಳು ಸುಮ್ಮನಿರೆಂದರೆ ಹೊಳೆಯ ಸೆಳವು ತಗ್ಗುತ್ತಿತ್ತು, ಇನ್ನೊಬ್ಬನು ದಿಟ್ಟಿಸಿದರೆ ಒಣಕಡ್ಡಿ ಹೊತ್ತಿಕೊಳ್ಳುತ್ತಿತ್ತು. ಉಳಿದವರು ನಮ್ಮ ನಿಮ್ಮಂಥವರು. ಎಲ್ಲರೂ ಒಂದೇ ಊರಿನಲ್ಲಿ ಬಾಳಬೇಕಾದ್ದರಿಂದ, ವರ್ಷಕ್ಕೊಮ್ಮೆ ಮಾರ್ಗಶಿರ ಶುದ್ಧ ಪಂಚಮಿಯ ಗೋಧೂಳಿಯಲ್ಲಿ ಗೌರಿಯ ಮುಂದೆ ಒಂದೇ ದೀಪ ಹಚ್ಚಿ, ಅರಸನೂ ಸಿದ್ಧಿಯುಳ್ಳವರೂ ಇಲ್ಲದವರೂ ಒಂದೇ ಚಾಪೆಯ ಮೇಲೆ ಕುಳಿತು, ತಂತಮ್ಮ ಬಲದಿಂದ ಏನು ಮಾಡಿದೆವೆಂದು ಬಾಯಿಬಿಟ್ಟು ಹೇಳಿ, ನೊಂದವರ ಮಾತು ಕೇಳಿ, ತಪ್ಪಿದ್ದರೆ ತೀರ್ಪು ಪಡೆದು ಏಳುವುದು ಪದ್ಧತಿಯಾಗಿತ್ತು.

ಒಂದು ಬೇಸಿಗೆಯಲ್ಲಿ ಬೆಂಕಿಯ ಸಿದ್ಧಿಯಿದ್ದ ಕಾಳಿಮಯ್ಯನೆಂಬವನು ದಾಯಾದಿಯೊಡನೆ ಬದುವಿನ ಜಗಳವಾಡಿ, ಸಿಟ್ಟು ತಡೆಯಲಾರದೆ ಅವನ ಹುಲ್ಲಿನ ಬಣವೆಯನ್ನು ದಿಟ್ಟಿಸಿದನು. ಬಣವೆ ಹೊತ್ತಿ, ಕಿಡಿ ಗಾಳಿಗೆ ಹಾರಿ, ಅರಮನೆಯ ಕುದುರೆಲಾಯಕ್ಕೆ ಬಿದ್ದಿತು. ಕುದುರೆಗಳ ಹಗ್ಗ ಬಿಚ್ಚಲೆಂದು ಒಳಹೊಕ್ಕ ಅರಸನು ಹೊರಗೆ ಬರಲಿಲ್ಲ.

ಅರಸಿ ಕಂಚಲದೇವಿಯ ಮಡಿಲಲ್ಲಿ ಆಗ ಪದುಮಲೆಯೆಂಬ ಹಸುಗೂಸು. ಪಟ್ಟವೇರಿದ ಆಕೆಗೆ ಎಷ್ಟು ಮಿಂದರೂ ಹೊಗೆಯ ವಾಸನೆ ಮೂಗಿನಿಂದ ಹೋಗಲಿಲ್ಲ. ಪಂಚಮಿ ಬಂದು ಚಾಪೆ ಹಾಸಿದಾಗ, ಗಂಡನನ್ನು ಕೊಂದವರ ಮಗ್ಗುಲಲ್ಲಿ ತಾನು ಕೂರಲಾರೆನೆಂದೂ, ಪಟ್ಟದ ರಾಣಿಯನ್ನು ಕೇಳುವವರು ಯಾರೂ ಇಲ್ಲವೆಂದೂ ಹೇಳಿ ಚಾಪೆಯನ್ನು ಸುತ್ತಿಡಿಸಿದಳು. ಅಷ್ಟಕ್ಕೇ ನಿಲ್ಲದೆ, ಸಿದ್ಧಿ ಇದ್ದವರನ್ನೆಲ್ಲ ಗಂಡು ಹೆಣ್ಣು ಕೂಸೆನ್ನದೆ ಹೊಳೆಯ ನಡುಗಡ್ಡೆಯ ಕೋಟೆಯಲ್ಲಿ ಕೂಡಿಹಾಕಬೇಕೆಂದು ಡಂಗುರ ಸಾರಿಸಿದಳು. ಸುಟ್ಟವನಿಗೂ ಅದೇ ಕೋಟೆ, ಸುಡದವನಿಗೂ ಅದೇ ಕೋಟೆಯಾಯಿತು.

ಗೌರಿಯು ನೋಡಿದಳು, ಸುಮ್ಮನಿದ್ದಳು. ಕಣದಲ್ಲಿ ರಾಶಿ ತೂರಲು ಗಾಳಿ ಕರೆಯುವವರಿಲ್ಲದೆ ಕಾಳು ಮಳೆಗೆ ಸಿಕ್ಕಿ ಮೊಳೆಯಿತು. ಹೊಳೆಯನ್ನು ತಗ್ಗಿಸುವವರಿಲ್ಲದೆ ಕೆಳಗೇರಿ ಮುಳುಗಿತು. ತಾಯಂದಿರು ಸಿದ್ಧಿಯ ಮಕ್ಕಳನ್ನು ಕಣಜದಲ್ಲಿ ಅಡಗಿಸಿದರು. ಹೇಗೋ ಹೊರಗುಳಿದ ದುರುಳರು ಕೆಲವರು ಕದ್ದು ಕೇಡು ಮಾಡಿದರು. ದೂರು ಕೊಟ್ಟರೆ ಹುಡುಕುವವರು ಬಂದು ತಮ್ಮ ಮನೆಯ ಕೂಸನ್ನೂ ಒಯ್ದಾರೆಂದು ನೊಂದವರು ಬಾಯಿ ಬಿಡಲಿಲ್ಲ.

ಹೀಗಿರಲು ಪದುಮಲೆಗೆ ಎಂಟು ತುಂಬಿತು. ಒಂದು ಮುಂಜಾನೆ ದಾದಿ ಬೊಮ್ಮವ್ವೆ ಆಕೆಯ ತಲೆ ಬಾಚುತ್ತಿರಲು, ಸಿಕ್ಕು ಎಳೆದು ನೋವಾಯಿತೆಂದು ಮಗು ತಿರುಗಿ ದಿಟ್ಟಿಸಿದ್ದೇ ತಡ, ಮರದ ಬಾಚಣಿಗೆ ಭಗ್ಗೆಂದು ಹೊತ್ತಿಕೊಂಡು ದಾದಿಯ ಅಂಗೈ ಬೆಂದಿತು. ಓಡಿಬಂದ ಕಂಚಲದೇವಿಗೆ ಎಲ್ಲವೂ ಒಂದೇ ನೋಟಕ್ಕೆ ತಿಳಿಯಿತು. ಯಾವ ಸಿದ್ಧಿ ಗಂಡನನ್ನು ತಿಂದಿತೋ ಅದೇ ಸಿದ್ಧಿ ತನ್ನ ಹೊಟ್ಟೆಯಲ್ಲಿ ಹುಟ್ಟಿತ್ತು. ಆಕೆ ಬಾಗಿಲು ಮುಚ್ಚಿ, ಕೈ ಒಲೆಯಲ್ಲಿ ಸುಟ್ಟಿತೆಂದು ಹೇಳಬೇಕೆಂದು ದಾದಿಗೆ ಅಪ್ಪಣೆ ಮಾಡಿ, ಮಗುವನ್ನು ಕಲ್ಲಿನ ಕೋಣೆಯಲ್ಲಿಟ್ಟಳು. ಮಗಳನ್ನು ಕೋಟೆಗೆ ಕಳಿಸಲು ಮನಸ್ಸು ಬಾರದು, ಕಳಿಸದಿದ್ದರೆ ತನ್ನ ಮಾತು ಸುಳ್ಳಾಗುವುದು. ಉಂಡ ಅನ್ನ ಮೈಗೆ ಹತ್ತದಾಯಿತು.

ಮಗುವಾದರೋ ತನ್ನ ಕಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಂಡು ಗೋಡೆಗೆ ಮುಖಮಾಡಿ ಕುಳಿತಿತು. ತಾಯಿ ಹತ್ತಿರ ಹೋಗಿ ಬಿಚ್ಚಲು ನೋಡಿದರೆ ಕೈ ತಡೆದು, "ಬೇಡವ್ವಾ. ನಾನು ನೋಡಿದರೆ ನೀನೂ ಸುಟ್ಟುಹೋಗುತ್ತೀಯ" ಎಂದಿತು.

ಅರಸಿ ಹೊಸ್ತಿಲು ದಾಟಿ ಹೊರಗೆ ಬಂದಳು. ಅಲ್ಲಿ ಬೊಮ್ಮವ್ವೆ ಕೈಗೆ ಬಾಳೆಲೆ ಸುತ್ತಿಕೊಂಡು ಕುಳಿತಿದ್ದಳು. ಇಷ್ಟು ದಿನ ತುಟಿ ಎರಡು ಮಾಡದವಳು ಅಂದು ಹೇಳಿದಳು: "ತಾಯೀ, ಕೂಸಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕೂಸು ಸುಟ್ಟದ್ದನ್ನು ಕೂಸು ಸುಟ್ಟಿತೆನ್ನಲು ಬಿಡಲಿಲ್ಲವಲ್ಲ, ಅದು ಕೈಗಿಂತ ಹೆಚ್ಚು ಉರಿಯುತ್ತದೆ. ನನ್ನಕ್ಕನ ಮಗ ಕಣದಲ್ಲಿ ಗಾಳಿ ಕರೆಯುತ್ತಿದ್ದ, ಯಾರಿಗೂ ಏನೂ ಮಾಡಿದವನಲ್ಲ. ಅವನು ಕೋಟೆಯಲ್ಲಿದ್ದಾನೆ."

ಕಂಚಲದೇವಿ ಆಗಲೇ ದೋಣಿ ತರಿಸಿ ನಡುಗಡ್ಡೆಗೆ ಹೋದಳು. ಅಲ್ಲಿ ನಾಗಿಯಕ್ಕನೆಂಬ ಮುದುಕಿಯಿದ್ದಳು. ಹೊಳೆಯನ್ನು ಸುಮ್ಮನಾಗಿಸುವವಳು ಅವಳೇ, ಹಿಂದೆ ವ್ರತದ ದೀಪ ಹಚ್ಚುತ್ತಿದ್ದವಳೂ ಅವಳೇ. ಅರಸಿ ನಡೆದುದನ್ನೆಲ್ಲ ಹೇಳಿ, ಇನ್ನು ತಾನೇನು ಮಾಡಬೇಕೆಂದು ಕೇಳಿದಳು. ಮುದುಕಿ ಹೀಗೆಂದಳು: "ಬಲ ಹುಟ್ಟಿನಿಂದ ಬರುತ್ತದೆ, ತಪ್ಪಾದರೋ ನಾವು ಮಾಡಿದ ಕೆಲಸದಿಂದ ಬರುತ್ತದೆ. ಹುಟ್ಟಿದ್ದಕ್ಕೆ ದಂಡವಿಲ್ಲ, ಮಾಡಿದ್ದಕ್ಕೆ ವಿನಾಯಿತಿಯಿಲ್ಲ. ತೀರ್ಪು ಹೇಳುವವರಲ್ಲಿ ಸಿದ್ಧಿಯುಳ್ಳವರು ಅರ್ಧ, ಇಲ್ಲದವರು ಅರ್ಧ ಇರಬೇಕು. ಯಾರ ಬಲ ಹೆಚ್ಚೋ ಅವರು ಮೊದಲು ಬಾಯಿ ಬಿಡಬೇಕು. ಈ ಸೀಮೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಲ ಯಾರದು ಎಂಬುದನ್ನು ನೀವೇ ಹೇಳಿ."

ಅರಸಿ ತಲೆ ತಗ್ಗಿಸಿ, ಕೋಟೆಯ ಬಾಗಿಲು ತೆಗೆಸಿದಳು.

ಪಂಚಮಿಯಂದು ಮಣ್ಣಿನ ಹೊಸ ಹಣತೆ ಹಚ್ಚಿ, ಗೌರಿಗೆ ಅರಿಸಿನ ಕುಂಕುಮ ಹೂ ಏರಿಸಿ, ಅಕ್ಕಿ ಬೆಲ್ಲದ ನೈವೇದ್ಯವಿಟ್ಟು, ಕಂಚಲದೇವಿ ಎಲ್ಲರೊಡನೆ ಚಾಪೆಯ ಮೇಲೆ ಕುಳಿತಳು. ತಪ್ಪಿಲ್ಲದವರನ್ನು ಸೆರೆಯಿಟ್ಟುದನ್ನೂ, ಮಗಳ ಸಿದ್ಧಿಯನ್ನು ಬಚ್ಚಿಟ್ಟುದನ್ನೂ, ದಾದಿಯ ಬಾಯಿ ಕಟ್ಟಿದುದನ್ನೂ ತಾನೇ ಮೊದಲು ಹೇಳಿದಳು. ಸೆರೆಯಾದವರ ಮನೆಮನೆಗೂ ಹೋಗಿ ತಪ್ಪೊಪ್ಪಿಕೊಳ್ಳಬೇಕೆಂದೂ, ಇನ್ನು ಮುಂದೆ ಈ ಚಾಪೆಯನ್ನು ಕೇಳದೆ ಯಾರನ್ನೂ ಸೆರೆಯಿಡಬಾರದೆಂದೂ ಅರಸಿಗೆ ತೀರ್ಪಾಯಿತು. ಬೊಮ್ಮವ್ವೆಗೆ ಏನು ಬೇಕೆಂದು ಕೇಳಲು, ಕೈ ಮಾಯುವವರೆಗೂ ತನ್ನ ತಲೆಯನ್ನು ಕೂಸೇ ಬಾಚಲಿ ಎಂದಳು.

ಬಳಿಕ ಕಾಳಿಮಯ್ಯನ ಸರದಿ ಬಂತು. ಅವನು ತಾನೇ ಹಚ್ಚಿದೆನೆಂದೂ, ಅರಸನು ಸಾಯಲೆಂದು ಹಚ್ಚಲಿಲ್ಲವೆಂದೂ, ಆದರೂ ಸತ್ತನೆಂದೂ ಹೇಳಿದನು. ಇರುವಷ್ಟು ಕಾಲವೂ ಊರ ಹೊರಗಿನ ಸುಣ್ಣ ಸುಡುವ ಗೂಡಿನಲ್ಲೇ ದುಡಿಯಬೇಕು, ಊರೊಳಗೆ ಕಾಲಿಡಬಾರದು, ಬೆಂಕಿಯ ಸಿದ್ಧಿಯ ಮಕ್ಕಳು ಯಾರೇ ಇರಲಿ ಇಬ್ಬರು ಹಿರಿಯರ ಎದುರಿನಲ್ಲಿ ಅವರಿಗೆ ಹದ ಕಲಿಸಬೇಕು ಎಂದು ತೀರ್ಪಾಯಿತು. ಕೋಟೆಯಲ್ಲಿದ್ದಾಗ ತಾನಾಗಿ ಕಲಿತಿದ್ದ ಅವನೊಬ್ಬನೇ ಆ ಸೀಮೆಯಲ್ಲಿ ಅದನ್ನು ಬಲ್ಲವನು. ಮಗಳನ್ನು ಅವನ ಬಳಿಗೇ ಕಳಿಸಬೇಕೆಂದು ಅರಸಿಗೆ ತಿಳಿಯಿತು. ಬೇಡವೆನ್ನುವ ಹಕ್ಕು ಆ ಚಾಪೆಯ ಮೇಲೆ ಆಕೆಗಿರಲಿಲ್ಲ.

ಮರುದಿನ ಆಕೆ ಮಗಳ ಕೈ ಹಿಡಿದು ಗೂಡಿಗೆ ನಡೆದಳು. ಕಾಳಿಮಯ್ಯ ಮುಖವೆತ್ತದೆ ನಿಂತಿದ್ದನು. ಅರಸಿ ಅವನನ್ನು ಕ್ಷಮಿಸಿದೆನೆನ್ನಲಿಲ್ಲ. "ಮಗುವಿಗೆ ಮೊದಲು ಏನು ಕಲಿಸುತ್ತೀಯ?" ಎಂದಷ್ಟೇ ಕೇಳಿದಳು. "ಆರಿಸುವುದನ್ನು, ತಾಯೀ. ನನಗೆ ಅದನ್ನು ಯಾರೂ ಕಲಿಸಿರಲಿಲ್ಲ" ಎಂದನು. ಅದನ್ನು ಕೇಳಿ ಪದುಮಲೆ ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಬಹಳ ದಿನಗಳ ಮೇಲೆ ತಾಯಿಯ ಮುಖ ನೋಡಿದಳು. ತಾಯಿಗೆ ಏನೂ ಆಗಲಿಲ್ಲ.

ಅಲ್ಲಿಂದ ಮುಂದೆ ರಾಶಿ ಕಾಲಕ್ಕೆ ಒಣಗಿ ಮನೆ ಸೇರಿತು, ಹೊಳೆ ತನ್ನ ದಡದೊಳಗೆ ಹರಿಯಿತು, ಕಣಜದಲ್ಲಿ ಅಡಗಿದ್ದ ಮಕ್ಕಳು ಬೀದಿಯಲ್ಲಿ ಆಡಿದರು. ಕಂಚಲದೇವಿ ಪ್ರತಿ ವರ್ಷವೂ ತಪ್ಪದೆ ವ್ರತವನ್ನು ನಡೆಸಿ, ತುಂಬು ಆಯುಸ್ಸು ಬಾಳಿ, ಪದುಮಲೆಗೆ ಪಟ್ಟ ಕಟ್ಟಿ ಗೌರಿಯ ಪಾದ ಸೇರಿದಳು.

ಈ ಕಥೆಯನ್ನು ಓದಿದವರಿಗೂ, ಓದಿಸಿದವರಿಗೂ, ಕೆಲಸದ ನಡುವೆ ನಿಂತು ಕೇಳಿದವರಿಗೂ ಕಂಚಲದೇವಿಗೆ ದೊರೆತ ಫಲವೇ ದೊರೆಯಲಿ. ಬಲವಿದ್ದವರಿಗೆ ಹದ ಸಿಗಲಿ, ಬಲವಿಲ್ಲದವರಿಗೆ ಬಾಯಿ ಸಿಗಲಿ. ಸಮದೀಪ ಗೌರಿಯು ಎಲ್ಲರ ಮನೆಯಲ್ಲೂ ನೆಲೆಸಲಿ.