ಮೂರನೇ ಪಾಲನ್ನು ಓದದ ಕರ್ನಲ್

“ಕೇಳ್ರಪ್ಪೋ ಕೇಳಿ! ತೀರಿಹೋದ ರಾಣಿಯ ದಿನಚರಿಯನ್ನು ಅರಮನೆಯ ಯಂತ್ರ ಓದುತ್ತಿಲ್ಲ. ರಾಜಕುಮಾರಿ ರತ್ನಾಜಿ ಕೇಳುವ ಮೂರು ಒಗಟು ಬಿಡಿಸಿ ಅದನ್ನು ಓದಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!”

ಸಿರಿಗಡ್ಡೆಯ ಬೀದಿಯಲ್ಲಿ ಈ ಡಂಗುರ ಕೇಳಿ ಓಲೆಕಾರ ದ್ಯಾವಪ್ಪನಿಗೆ ಮೈಯೆಲ್ಲ ಉರಿಯಿತು. ಯಂತ್ರದೊಳಗೆ ಕೂತು ಎಲ್ಲ ಕೆಲಸ ನಡೆಸುವ ಕರ್ನಲ್ ಎಂಬ ಕಾರ್ಯಕ್ರಮವನ್ನು ಬರೆದವನು ಅವನ ಅಣ್ಣ ಕೆಂಚಣ್ಣ. ಕರ್ನಲ್ ಇನ್ನೂ ಹಸುಗೂಸು. ಬರೆದದ್ದನ್ನೆಲ್ಲ ಕೂಡಿಡುವ ಡಿಸ್ಕನ್ನು ನಾಲ್ಕು ಪಾಲು ಮಾಡಿದ್ದರು. ದಿನಚರಿಯಿದ್ದ ಮೂರನೇ ಪಾಲನ್ನು ಕೇಳಿದರೆ ಅದು ಪರದೆಯ ಮೇಲೆ ‘ಡಿಸ್ಕ್ ಕೆಟ್ಟಿದೆ’ ಎಂದು ಬರೆದು, ಕೆಳಗೆ ಮೊದಲನೇ ಪಾಲಿನದೊಂದು ಹಾಳೆ ತೋರಿಸುತ್ತಿತ್ತು. ಅದಕ್ಕೇ ಕೆಂಚಣ್ಣ ಸೆರೆಯಲ್ಲಿದ್ದ. ಅಮಾವಾಸ್ಯೆಗೆ ಅವನ ತಲೆ ಹೋಗುವುದಿತ್ತು. ಅಣ್ಣ ಬರೆದದ್ದನ್ನೆಲ್ಲ ದುಂಡಗೆ ಪ್ರತಿ ಮಾಡಿಕೊಟ್ಟವನು ದ್ಯಾವಪ್ಪನೇ. ಓಲೆಚೀಲ ಹೆಗಲಲ್ಲಿದ್ದಂತೆಯೇ ಅರಮನೆಗೆ ಹೊರಟ.

ಅಲ್ಲಿ ಇಬ್ಬರು ಪಂಡಿತರು ಅವನಿಗಿಂತ ಮೊದಲೇ ನಿಂತಿದ್ದರು. ರತ್ನಾಜಿ ಕೇಳಿದಳು: “ಮೂರನೇ ಮನೆಯ ಬಾಗಿಲು ತಟ್ಟಿದರೆ ಮೊದಲನೇ ಮನೆಯವನು ಓಗೊಡುತ್ತಾನೆ. ಯಾಕೆ?”

“ಡಿಸ್ಕ್ ಕೆಟ್ಟಿದೆ,” ಎಂದ ಮೊದಲನೆಯ ಪಂಡಿತ. ಹೊಸ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ ಹಾಕಿದರು. ಪರದೆಯ ಮೇಲೆ ಮತ್ತೆ ಅದೇ ಸಾಲು: ‘ಡಿಸ್ಕ್ ಕೆಟ್ಟಿದೆ.’ ಎರಡನೆಯವನು ತಂತಿಯನ್ನು ದೂರಿದ. ತಂತಿ ಬದಲಾಯಿತು, ಸಾಲು ಬದಲಾಗಲಿಲ್ಲ. ಇಬ್ಬರನ್ನೂ ಸೆರೆಗೆ ಎಳೆದೊಯ್ದರು. ಸಿರಿಗಡ್ಡೆಯ ಆಸ್ಥಾನದ ರೂಢಿಯೇ ಹಾಗೆ. ಅನ್ನ ಸೀದರೆ ತಪ್ಪು ಒಲೆಯದು, ಬಟ್ಟೆ ಹರಿದರೆ ಸೂಜಿಯದು.

ದ್ಯಾವಪ್ಪ ಮುಂದೆ ಬಂದ. “ತಾಯಿ, ಮೂರನೇ ಬೀದಿ ಐದನೇ ಮನೆ ಅಂತ ಓಲೆ ಬಂದ್ರೆ ನಾನು ಆ ಬೀದಿ ಮೊದಲಿಂದ ಎಣಿಸ್ತೀನಿ. ಕರ್ನಲ್ಲು ಊರಬಾಗ್ಲಿಂದ ಎಣಿಸ್ತಾ ಅದೆ. ಪಾಲು ಎಲ್ಲಿ ಶುರುವಾಗ್ತದೋ ಆ ಲೆಕ್ಕ ಕೂಡಿಸಿಲ್ಲ.”

ಕೂಡಿಸಿದರು. ಪರದೆ ಹೇಳಿತು: ‘ಡಿಸ್ಕ್ ಕೆಟ್ಟಿದೆ.’

ದ್ಯಾವಪ್ಪ ಆ ಸಾಲನ್ನು ಮತ್ತೊಮ್ಮೆ ಓದಿದ. ಸರಿ ಮಾಡಿದರೂ ಅದೇ ಮಾತಾದರೆ ಸರಿಯಾದದ್ದು ಗೊತ್ತಾಗುವುದು ಹೇಗೆ?

“ಸಾಲು ಅದೇ, ಆದರೆ ಕೆಳಗಿನ ಹಾಳೆಯೇನೋ ಬೇರೆ ಬಂತು,” ಎಂದಳು ರತ್ನಾಜಿ. “ಎರಡನೆಯದು ಕೇಳು. ಈಗ ಕೇಳಿದ್ದಕ್ಕೆ ಹಿಂದೆ ಕೇಳಿದ್ದರ ಉತ್ತರ ಕೊಡುತ್ತಾನೆ, ಆದರೂ ಸುಳ್ಳುಗಾರನಲ್ಲ. ಯಾಕೆ?”

“ಕರ್ನಲ್ಲು ಕಾಯಲ್ಲ ತಾಯಿ. ಬಾಗ್ಲು ತಟ್ಟಿ, ಮನೆಯೋರು ಎದ್ದು ಬರೋ ಮುಂಚೆ ಜಗಲಿ ಮೇಲಿರೋ ಹಳೇ ಓಲೆ ಎತ್ಕೊಂಡು ಓಡ್ತದೆ. ಡಿಸ್ಕು ‘ಸಿದ್ಧ’ ಅನ್ನೋಗಂಟ ಕರ್ನಲ್ಲು ನಿಂತಿರ್ಬೇಕು.”

ಹಾಗೆ ಕಾಯಿಸಿದರು. ‘ಡಿಸ್ಕ್ ಕೆಟ್ಟಿದೆ.’

“ಥೂ, ಇದರ ಬಾಯಿಗಿಷ್ಟು ಮಣ್ಣು ಹಾಕ!” ಎಂದು ದ್ಯಾವಪ್ಪ ಓಲೆಚೀಲವನ್ನು ನೆಲಕ್ಕೆ ಬಡಿದ. ಕಾವಲುಗಾರ ಕತ್ತಿಗೆ ಕೈ ಹಾಕಿದ. ರತ್ನಾಜಿ ಅವನನ್ನು ತಡೆದಳು; ಅವಳಿಗೂ ಸಾಕುಬೇಕಾಗಿತ್ತು.

“ಕಡೆಯದು. ನೂರು ಎಣಿಸಿ ನಡೆದವನು ಐವತ್ತರಲ್ಲೇ ನಿಂತಿದ್ದಾನೆ, ಎಣಿಕೆ ತಪ್ಪಿಲ್ಲ. ಯಾಕೆ?”

ದ್ಯಾವಪ್ಪ ತಲೆ ಕೆರೆದುಕೊಂಡ, ಅಣ್ಣನನ್ನು ಮನಸಾರೆ ಬೈದ, ಪ್ರತಿ ಮಾಡಿದ್ದ ಪುಟಗಳನ್ನು ಒಂದೊಂದಾಗಿ ನೆನೆದ. ಕಿಟಕಿಯಾಚೆ ಜೋಡೆತ್ತಿನ ಗಾಡಿಯೊಂದು ಹೋಯಿತು.

“ಎತ್ತು!” ಎಂದು ಕೂಗಿದ. “ಅಣ್ಣ ನೂರು ಜೊತೆ ಎತ್ತು ಅಂದ, ಡಿಸ್ಕು ನೂರು ಎತ್ತು ಅಂದ್ಕೊಳ್ತು. ಡಿಸ್ಕಿನ ಎರಡು ತುಂಡು ಸೇರಿದ್ರೆ ಕರ್ನಲ್ಲಿಗೆ ಒಂದು ಹಾಳೆ. ಹಾಳೆ ಲೆಕ್ಕಾನ ಇಮ್ಮಡಿ ಮಾಡಿ!”

ಪರದೆ ಬೆಳಗಿತು. ‘ನನ್ನ ಪುಟ್ಟ ರತ್ನಿಗೆ ಇವತ್ತು ಮೊದಲ ಹಲ್ಲು ಬಂತು.’ ರಾಜಕುಮಾರಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

“ಏನು ಬೇಕು, ಕೇಳು.”

“ನನ್ನಣ್ಣ ಬೇಕು ತಾಯಿ.”

ಕೆಂಚಣ್ಣ ಬಂದ ಕೂಡಲೆ ದ್ಯಾವಪ್ಪ ಅವನ ಮೇಲೆ ಹರಿಹಾಯ್ದ. “ಮೂರು ಬೇರೆ ಬೇರೆ ತಪ್ಪಿಗೆ ಒಂದೇ ಮಾತು ಯಾಕಣ್ಣಾ ಬರೆದೆ? ಜೀವ ಹೋಗಿ ಬಂತಲ್ಲ!”

ಕೆಂಚಣ್ಣ ತಲೆ ತಗ್ಗಿಸಿದ. “ಇಲ್ಲಿ ತಪ್ಪು ನಂದು ಅಂದೋನ ತಲೆ ಉಳೀತದೇನ್ಲಾ?”

ರತ್ನಾಜಿಗೆ ಅದು ಕೇಳಿಸಿತು. ಪಂಡಿತರಿಬ್ಬರನ್ನೂ ಅಂದೇ ಬಿಡಿಸಿದಳು. ಮರುದಿನ ಇನ್ನೊಂದು ಡಂಗುರ ಹೊರಟಿತು: ತಪ್ಪನ್ನು ಒಪ್ಪಿ ಅದು ಎಲ್ಲಿ ಆಯಿತೆಂದು ಹೇಳಿದವರ ತಲೆಗೆ ಇನ್ನು ಮುಂದೆ ಭಯವಿಲ್ಲ.

ಅಣ್ಣತಮ್ಮಂದಿರು ಕೂತು ಕರ್ನಲ್ಲಿನ ಮಾತುಗಳನ್ನೂ ತಿದ್ದಿದರು. ಆಮೇಲೆ ಅದು ಎಡವಿದಾಗ ಪರದೆಯ ಮೇಲೆ ಹೀಗೆ ಬಂತು: ‘ಡಿಸ್ಕ್ ಚೆನ್ನಾಗಿದೆ. ಮೂರನೇ ಪಾಲಿನ ನಲವತ್ತನೇ ತುಂಡಿನಲ್ಲಿ ತಪ್ಪಿದವನು ನಾನು.’